ಚೂರು ಹರಳಿನ ಕಾಟ ತಪ್ಪಿಸಿದ್ದು ಹೀಗೆ

ಕ್ರೋಮಿಯಂ ಕ್ಲೋರೈಡ್ ಪದರ ಪದರವಾಗಿರುವ ಕಾಂತೀಯ ವಸ್ತು. ಸುಮಾರು 14 ಕೆಲ್ವಿನ್‌ಗಿಂತ (ಮೈನಸ್ 259 ಡಿಗ್ರಿ ಸೆಲ್ಸಿಯಸ್) ಕೆಳಗೆ ಅದರ ಒಂದು ಪದರದ ಕಾಂತತೆ ಒಂದು ದಿಕ್ಕಿಗಿದ್ದರೆ, ಪಕ್ಕದ ಪದರದ್ದು ಎದುರು ದಿಕ್ಕಿಗೆ. ದಿಕ್ಕು ಹಿಡಿದು ಅಳೆಯೋಕೆ ಪುಡಿ ಸಾಲದು, ಉದ್ದಗಲಕ್ಕೂ ಒಂದೇ ಜೋಡಣೆ ಇರುವ ಅಗಲವಾದ ಒಂಟಿ ಹರಳೇ ಬೇಕು.

ಬಳ್ಳಾರಿಯ ನಮ್ಮ ಲ್ಯಾಬ್‌ನಲ್ಲಿ ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಜ್ ಕೊಳವೆ ಬಳಸುತ್ತೇವೆ. ಪುಡಿ ಇರುವ ತುದಿ ಸುಮಾರು 700 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 550. ಪುಡಿ ಆವಿಯಾಗಿ ಹೋಗಿ ತಂಪು ತುದಿಯಲ್ಲಿ ಹರಳುಗಟ್ಟಬೇಕು. ಆದರೆ ಸಿಗುತ್ತಿದ್ದದ್ದು ಬರೀ ಚೂರುಗಳು.

ಕಾರಣ ತಂಪು ತುದಿಯ ಗಾಜಿಗೆ ಅಂಟಿದ್ದ ಪುಡಿಯ ಕಣಗಳು. ಒಂದೊಂದು ಕಣವೂ ಬೀಜವಾಗುತ್ತದೆ, ಅಂದರೆ ಅದರ ಮೇಲೆ ಬೇರೆಯೇ ಹರಳು ಬೆಳೆಯತೊಡಗುತ್ತದೆ. ಇದ್ದಬದ್ದ ಆವಿಯೆಲ್ಲ ಹಂಚಿಹೋದರೆ ಯಾವ ಹರಳೂ ದೊಡ್ಡದಾಗೋಲ್ಲ, ಅಲ್ವಾ?

ಹಾಗಾಗಿ ಮೊದಲು ಬಿಸಿಯನ್ನು ಉಲ್ಟಾ ಮಾಡಿದೆವು. ಹರಳು ಬೆಳೆಯಬೇಕಾದ ತುದಿಯನ್ನೇ ರಾತ್ರಿಯಿಡೀ ಜಾಸ್ತಿ ಬಿಸಿ ಇಟ್ಟೆವು. ಅಲ್ಲಿದ್ದ ಕಣಗಳು ಆವಿಯಾಗಿ ಪುಡಿಯ ಕಡೆಗೇ ವಾಪಸ್ ಹೋದವು. ಆಮೇಲೆ ನಿಧಾನವಾಗಿ ಸರಿಯಾದ ದಿಕ್ಕಿಗೆ ತಿರುಗಿಸಿದೆವು. ಕೊಳವೆ ಮುಚ್ಚುವ ಮೊದಲು ಪುಡಿಯನ್ನು ನಿರ್ವಾತದಲ್ಲೇ ಚೆನ್ನಾಗಿ ಒಣಗಿಸುವುದು ಮುಖ್ಯ. ತೇವ ಉಳಿದರೆ ಹಸಿರು ಆಕ್ಸೈಡ್ ಬರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿಬಂದರೆ ಬಿಸಿ ಏರುಪೇರಾಗಿ ಹೊಸ ಬೀಜಗಳು ಹುಟ್ಟುತ್ತವೆ, ಅದಕ್ಕೆ ಫರ್ನೇಸನ್ನೂ ಯುಪಿಎಸ್‌ಗೆ ಹಾಕಿದೆವು.

ಈ ಸಲ ಬಂದವು ಅಭ್ರಕದಂತೆ ಹೊಳೆಯುವ ನೇರಳೆ ಹಾಳೆಗಳು! ಎಷ್ಟು ಖುಷಿಯಾಯಿತೋ. ಇಕ್ಕಳದಿಂದ ಮೆಲ್ಲಗೆ ಅಂಚು ಹಿಡಿದೇ ಎತ್ತಬೇಕು, ನಡುವೆ ಒತ್ತಿದರೆ ಬಾಗಿಬಿಡುತ್ತವೆ.