ಹ್ಯಾಂಡಲ್ ಮೇಲಿನ ಮೊಬೈಲ್: ಡೆಲಿವರಿ ಕಾರ್ಮಿಕರು ಸುರಕ್ಷಿತವಾಗಿ ದುಡಿಯುವ ಬಗೆ

ಊಟ, ದಿನಸಿ, ಔಷಧಿಗಳನ್ನು ಮನೆಮನೆಗೆ ಮುಟ್ಟಿಸುವ ಡೆಲಿವರಿ ಕಾರ್ಮಿಕರಿಗೆ ಮೇಸ್ತ್ರಿ, ಹಾಜರಿ ಪುಸ್ತಕ, ಸಂಬಳದ ಲೆಕ್ಕ ಎಲ್ಲವೂ ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲೇ ಆಗಿದೆ. ಯಾವ ಆರ್ಡರ್ ಯಾರಿಗೆ, ಎಷ್ಟು ನಿಮಿಷದಲ್ಲಿ, ಯಾವ ದಾರಿಯಲ್ಲಿ ಎಂಬುದನ್ನು ಅದು ತೀರ್ಮಾನಿಸುತ್ತದೆ. ರಸ್ತೆಯ ಗುಂಡಿಯಾಗಲಿ, ಸವಾರನ ಹಸಿವಾಗಲಿ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಆ್ಯಪ್‌ನ ಗಡಿಯಾರಕ್ಕೂ ನಿಮ್ಮ ದೇಹಕ್ಕೂ ನಡುವೆ ಒಂದಿಷ್ಟು ಅಂತರವನ್ನು ನೀವೇ ಇಟ್ಟುಕೊಳ್ಳಬೇಕಾಗುತ್ತದೆ.

ಮೊದಲು ಕಣ್ಣಿನ ವಿಷಯ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ, ಅಂದರೆ ಎರಡು ಸೆಕೆಂಡು ಮ್ಯಾಪ್ ನೋಡಿದರೆ 22 ಮೀಟರ್ ರಸ್ತೆಯನ್ನು ನೀವು ನೋಡದೆಯೇ ದಾಟಿರುತ್ತೀರಿ. ಹಾಗಾಗಿ ಹೊರಡುವ ಮುನ್ನ ಗಾಡಿ ನಿಲ್ಲಿಸಿಕೊಂಡೇ ದಾರಿ ನೋಡಿ, ಎರಡು ತಿರುವುಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ: ಮೊದಲ ಸಿಗ್ನಲ್‌ನಲ್ಲಿ ಎಡಕ್ಕೆ, ಗಣಪತಿ ದೇವಸ್ಥಾನ ದಾಟಿದ ಮೇಲೆ ಬಲಕ್ಕೆ. ಅಷ್ಟು ಮುಗಿದ ಮೇಲೆ ಪಕ್ಕಕ್ಕೆ ನಿಂತು ಮುಂದಿನ ಎರಡನ್ನು ನೋಡಿಕೊಳ್ಳಿ. ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಬಂದ ತಿದ್ದುಪಡಿ ಕೂಡ ಚಾಲನೆಯ ವೇಳೆ ಮೊಬೈಲ್ ಬಳಕೆಯನ್ನು ದಾರಿ ನೋಡುವುದಕ್ಕಷ್ಟೇ, ಅದೂ ಗಮನ ಕದಡದಂತೆ, ಒಪ್ಪಿಕೊಂಡಿದೆ. ಗಾಡಿ ಓಡುತ್ತಿರುವಾಗಲೇ ಹೊಸ ಆರ್ಡರ್ ಒಪ್ಪಿಕೊಳ್ಳುವುದು, ಗ್ರಾಹಕರ ಕರೆ ಸ್ವೀಕರಿಸುವುದು ಈ ಮಿತಿಯೊಳಗೆ ಬರುವುದಿಲ್ಲ.

ಮಳೆಯಲ್ಲಿ ಇದು ಇನ್ನೂ ಕಠಿಣ. ಬೆಂಗಳೂರಿನ ಒಂದು ಮೇಲ್ಸೇತುವೆಯ ಕೆಳಗೆ ನಿಂತಿದ್ದ ಯುವಕನೊಬ್ಬನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒದ್ದೆ ಬೆರಳಿಗೆ ಪರದೆ ಓಗೊಡುತ್ತಿರಲಿಲ್ಲ; ಒರೆಸೋಣವೆಂದರೆ ಅಂಗಿಯ ತೋಳೂ ಒದ್ದೆಯಾಗಿತ್ತು; ಪರದೆಯ ಮೇಲೆ ಸಮಯ ಮಾತ್ರ ಇಳಿಯುತ್ತಲೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಒಣ ಬಟ್ಟೆಯ ತುಂಡು ಜೇಬಿನಲ್ಲಿದ್ದರೆ ಈ ಪರದಾಟ ಬಹುಮಟ್ಟಿಗೆ ತಪ್ಪುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ತೊಂದರೆ ಬೇರೆ ಬಗೆಯದು. ಕಾದ ಮೊಬೈಲಿನ ಪರದೆ ತಾನಾಗಿಯೇ ಮಂಕಾಗುತ್ತದೆ, ಅದನ್ನು ಓದಲು ಸವಾರ ಮುಂದಕ್ಕೆ ಬಾಗುತ್ತಾನೆ, ಕುತ್ತಿಗೆಗೂ ಪೆಟ್ಟು, ರಸ್ತೆಯ ಮೇಲಿನ ಗಮನಕ್ಕೂ ಪೆಟ್ಟು. ಮೊಬೈಲ್ ಕಾದು ಮಂಕಾಯಿತೆಂದರೆ ನೆರಳಿಗೆ ಹೋಗಿ, ಅದನ್ನು ತಣಿಯಲು ಬಿಡಿ, ನೀವೂ ನೀರು ಕುಡಿಯಿರಿ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು "ಇನ್ನೆರಡು ಆರ್ಡರ್ ಮಾಡಿದರೆ ಇನ್ಸೆಂಟಿವ್" ಎಂಬ ಸಂದೇಶ. ಅದು ಸಾಮಾನ್ಯವಾಗಿ ದೇಹ ಸೋತಿರುವ ಹೊತ್ತಿಗೇ, ರಾತ್ರಿ ಹತ್ತು ಹನ್ನೊಂದರ ಸುಮಾರಿಗೆ ಕಣ್ಣಿಗೆ ಬೀಳುತ್ತದೆ, ಮತ್ತು ಆಗ ಸರಿಯಾದ ತೀರ್ಮಾನ ಮಾಡುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಲಾಗಿನ್ ಆಗುವ ಮುನ್ನವೇ, ತಲೆ ತಿಳಿಯಾಗಿರುವಾಗಲೇ, ಕೆಲಸ ನಿಲ್ಲಿಸುವ ಸಮಯವನ್ನು ಗೊತ್ತು ಮಾಡಿ ಮನೆಯವರಿಗೆ ಹೇಳಿಡಿ. ಬಾಡಿಗೆ, ಸಾಲದ ಕಂತು ಇರುವವರಿಗೆ ಇದನ್ನು ದಿನವೂ ಪಾಲಿಸಲು ಆಗದಿರಬಹುದೆಂದು ನನಗೆ ಗೊತ್ತು. ವಾರದಲ್ಲಿ ನಾಲ್ಕು ದಿನ ಪಾಲಿಸಿದರೂ ನಿದ್ದೆ ಅಷ್ಟರಮಟ್ಟಿಗೆ ಉಳಿಯುತ್ತದೆ.

ಇನ್ನು ದಾಖಲೆ. ಲಾಗಿನ್ ಆದ ಸಮಯ, ಆರ್ಡರ್ ಸಂಖ್ಯೆ, ದಿನದ ಪೇಔಟ್ (ಕೈಗೆ ಬರುವ ಹಣ) ಇವುಗಳ ಸ್ಕ್ರೀನ್‌ಶಾಟ್ ತೆಗೆದು ಅಂದಂದೇ ಮನೆಯವರೊಬ್ಬರ ಮೊಬೈಲಿಗೆ ಕಳುಹಿಸಿ. ಐಡಿ ಬ್ಲಾಕ್ ಆದರೆ ಆ್ಯಪ್‌ನೊಳಗಿನ ಈ ವಿವರಗಳು ನಿಮ್ಮ ಕೈಗೆ ಸಿಗದೆ ಹೋಗಬಹುದು, ಅಪಘಾತದ ವಿಮೆ ಕೇಳುವಾಗ ನೀವು ಕೆಲಸದ ಮೇಲಿದ್ದಿರಿ ಎನ್ನಲು ಬೇರೆ ಸಾಕ್ಷಿಯೇ ಇರುವುದಿಲ್ಲ. ಕಂಪನಿಯ ವಿಮೆ ಲಾಗಿನ್ ಆಗಿರುವಷ್ಟು ಹೊತ್ತೂ ಅನ್ವಯಿಸುತ್ತದೆಯೋ, ಆರ್ಡರ್ ಕೈಯಲ್ಲಿದ್ದಾಗ ಮಾತ್ರವೋ ಎಂಬುದನ್ನೂ ಈಗಲೇ ಕೇಳಿ ತಿಳಿದುಕೊಳ್ಳಿ. ಇದರ ಜೊತೆಗೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ನೋಂದಣಿ ತಾಣವಾದ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಿ. ಗಿಗ್ ಕಾರ್ಮಿಕರಿಗಾಗಿ, ಅಂದರೆ ನಿಮ್ಮಂತೆ ಒಂದೊಂದು ಕೆಲಸಕ್ಕೆ ಇಷ್ಟೆಂದು ಹಣ ಪಡೆದು ದುಡಿಯುವವರಿಗಾಗಿ, ಇರುವ ರಾಜ್ಯ ಸರ್ಕಾರದ ವಿಮಾ ಯೋಜನೆಯಲ್ಲಿ ಅಪಘಾತದಿಂದ ಸಾವು ಸಂಭವಿಸಿದರೆ ಕುಟುಂಬಕ್ಕೆ ಒಟ್ಟು 4 ಲಕ್ಷ ರೂಪಾಯಿ ದೊರೆಯುತ್ತದೆ, ಅದಕ್ಕೆ ಕಾರ್ಮಿಕರು ಕಂತು ಕಟ್ಟಬೇಕಾಗಿಲ್ಲ.

ರೇಟಿಂಗ್ ಏಕೆ ಇಳಿಯಿತು, ಆರ್ಡರ್ ಏಕೆ ಬರುತ್ತಿಲ್ಲ ಎಂಬುದು ತಿಳಿಯದಿದ್ದರೆ ಆ ಆತಂಕವೇ ವೇಗವಾಗಿ ಓಡಿಸುವಂತೆ ಮಾಡುತ್ತದೆ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ತಂದ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. ಕೆಲಸದ ಹಂಚಿಕೆ, ರೇಟಿಂಗ್‌ಗಳನ್ನು ಯಂತ್ರವೇ ನಿರ್ಧರಿಸುವಾಗ ಅದರ ಬಗ್ಗೆ ಮಾಹಿತಿ ಕೇಳುವ ಹಕ್ಕನ್ನು ಅದು ಕಾರ್ಮಿಕರಿಗೆ ಕೊಟ್ಟಿದೆ, ಮತ್ತು ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ನೋಟಿಸನ್ನು ಕಾರಣ ಸಹಿತ ಬರಹದಲ್ಲಿ ಕೊಡಬೇಕೆಂದಿದೆ. ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದು ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಕೊನೆಯದಾಗಿ, ಅಪಘಾತವಾದರೆ ಆರ್ಡರ್‌ನ ಚಿಂತೆ ಬಿಟ್ಟು ಮೊದಲು 108 ಅಥವಾ 112ಕ್ಕೆ ಕರೆ ಮಾಡಿ; ಪೆಟ್ಟು ಸಣ್ಣದೆನಿಸಿದರೂ ವೈದ್ಯರಿಗೆ ತೋರಿಸಿ, ಆಸ್ಪತ್ರೆಯ ದಾಖಲೆಯಲ್ಲಿ ರಸ್ತೆ ಅಪಘಾತವೆಂದೇ ಬರೆಸಿ. ಬಿದ್ದ ಏಟಿಗೆ ಮೊಬೈಲ್ ಒಡೆದು ಹೋಗಿದ್ದರೆ ಅದರೊಳಗಿನ ನಂಬರುಗಳು ಯಾರ ಉಪಯೋಗಕ್ಕೂ ಬರುವುದಿಲ್ಲ. ಹೆಸರು, ರಕ್ತದ ಗುಂಪು ಮತ್ತು ಮನೆಯವರಿಬ್ಬರ ಫೋನ್ ನಂಬರನ್ನು ಕಾಗದದ ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿ, ಪರ್ಸ್‌ನಲ್ಲಿ ಲೈಸೆನ್ಸ್ ಜೊತೆಗೆ ಇಡಿ.