ಗಾಲ್ಫ್ ಬಟ್ಟೆಗೆ ಗಾಲ್ಫ್ ಅಂಗಡಿಯೇ ಆಗಬೇಕೆಂದಿಲ್ಲ

ಬೆಂಗಳೂರಿನ ಯಾವುದಾದರೂ ದೊಡ್ಡ ಸ್ಪೋರ್ಟ್ಸ್ ಅಂಗಡಿಗೆ ಹೋಗಿ ಗಾಲ್ಫ್ ಬಟ್ಟೆ ಎಲ್ಲಿದೆ ಅಂತ ಕೇಳಿದರೆ ಒಂದು ಮೂಲೆಯತ್ತ ಕೈತೋರಿಸುತ್ತಾರೆ. ಅಲ್ಲಿ ನಾಲ್ಕಾರು ಸ್ಟಿಕ್ಕು, ಒಂದು ಬುಟ್ಟಿ ಚೆಂಡು, ಹ್ಯಾಂಗರಿನಲ್ಲಿ ಐದಾರು ಪೋಲೋ ಇರುತ್ತವೆ. ಆ ಐದಾರರಲ್ಲಿ ನಿಮ್ಮ ಅಳತೆಯದು ಮಾತ್ರ ಇರುವುದಿಲ್ಲ. ಹಾಗಂತ ಬರಿಗೈಲಿ ಹಿಂತಿರುಗಬೇಡಿ. ನಿಮಗೆ ಬೇಕಾದ್ದರಲ್ಲಿ ಹೆಚ್ಚಿನದು ಪಕ್ಕದ ಸಾಲುಗಳಲ್ಲೇ ಟೆನಿಸ್, ಟ್ರೆಕ್ಕಿಂಗ್, ಕ್ರಿಕೆಟ್ ಎಂಬ ಬೇರೆ ಬೋರ್ಡಿನ ಕೆಳಗೆ ನೇತಾಡುತ್ತಿರುತ್ತದೆ. ಗಾಲ್ಫ್ ಅಂತಲೇ ಹುಡುಕಿ ಕೊಳ್ಳಬೇಕಾದದ್ದು ಕೈಗವಸು ಒಂದೇ. ಆಟ ಹಿಡಿಸಿತು ಅಂತಾದರೆ, ಆಮೇಲೆ ಶೂ.

ಮನೆ ಬಿಡುವ ಮುಂಚೆ ಒಂದು ಫೋನ್ ಮಾಡಿ. ಗಾಲ್ಫ್ ಆಟದ ನಿಯಮಪುಸ್ತಕ ಯಾವ ಅಂಗಿ ತೊಡಬೇಕು ಅಂತ ಹೇಳುವುದಿಲ್ಲ. ಹೇಳುವುದು ಆಯಾ ಕ್ಲಬ್. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರಲಿ, ಹಳೇ ಏರ್‌ಪೋರ್ಟ್ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇರಲಿ, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇರಲಿ, ನೀವು ಆಡಲು ಹೋಗುವ ಜಾಗದವರನ್ನೇ ಕೇಳಿ. ನಾಲ್ಕು ಪ್ರಶ್ನೆ ಸಾಕು: ಕಾಲರ್ ಇಲ್ಲದ ಅಂಗಿ ನಡೆಯುತ್ತದಾ, ಶಾರ್ಟ್ಸ್ ನಡೆಯುತ್ತದಾ, ಅಂಗಿ ಒಳಗೆ ಸಿಕ್ಕಿಸಲೇಬೇಕಾ, ಮಾಮೂಲಿ ಸ್ಪೋರ್ಟ್ಸ್ ಶೂನಲ್ಲಿ ಬಿಡುತ್ತಾರಾ. ಪ್ರಾಕ್ಟೀಸ್ ಮಾಡುವ ಡ್ರೈವಿಂಗ್ ರೇಂಜಿಗೂ ಆಟ ನಡೆಯುವ ಮೈದಾನವಾದ ಕೋರ್ಸಿಗೂ ಬೇರೆ ಬೇರೆ ನಿಯಮ ಇರುವುದುಂಟು, ಅದನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಎಲ್ಲ ಕಡೆ ಬೇಡ ಎನ್ನುವುದು ಜೀನ್ಸ್, ದುಂಡು ಕತ್ತಿನ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ತೊಡೆಯ ಪಕ್ಕ ಜೇಬಿರುವ ಕಾರ್ಗೋ, ಹವಾಯಿ ಚಪ್ಪಲಿ.

ಅಂಗಡಿಗೆ ಹೋಗುವಾಗ ಎರಡು ಗಾಲ್ಫ್ ಚೆಂಡು ಜೇಬಿಗೆ ಹಾಕಿಕೊಳ್ಳಿ, ಒಂದು ಉದ್ದನೆಯ ಕೊಡೆ ಹಿಡಿದುಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಂಗಿ

ಮೊದಲು ಟೆನಿಸ್, ಬ್ಯಾಡ್ಮಿಂಟನ್ ಸಾಲು ನೋಡಿ. ಅಲ್ಲಿನ ಕಾಲರ್ ಇರುವ ಪೋಲೋಗೂ ಗಾಲ್ಫ್ ಪೋಲೋಗೂ ಬಟ್ಟೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ: ಎರಡೂ ಬೆವರು ಬೇಗ ಒಣಗುವ ಪಾಲಿಯೆಸ್ಟರ್, ಜೊತೆಗೆ ಒಂದಿಷ್ಟು ಎಲಾಸ್ಟೇನ್, ಅಂದರೆ ಎಳೆದರೆ ಹಿಗ್ಗುವ ನೂಲು. ವ್ಯತ್ಯಾಸ ಇರುವುದು ಕಾಲರಿನಲ್ಲಿ ಮತ್ತು ಉದ್ದದಲ್ಲಿ. ಅಗ್ಗದ ಪೋಲೋಗಳಲ್ಲಿ ಕಾಲರ್ ಒಂದೇ ಪದರದ ಹೆಣಿಗೆಯದಾಗಿರುತ್ತದೆ. ಮೂರ್ನಾಲ್ಕು ಸಲ ಒಗೆದ ಮೇಲೆ ತುದಿ ಕರಿದ ಹಪ್ಪಳದ ಹಾಗೆ ಮೇಲೆದ್ದು ನಿಲ್ಲುತ್ತದೆ. ಕಾಲರನ್ನು ಬೆರಳಿನಿಂದ ಮಡಚಿ ಬಿಟ್ಟು ನೋಡಿ. ತಾನಾಗಿ ಹಿಂದಕ್ಕೆ ಬಿದ್ದು ಕೂತರೆ, ಕುತ್ತಿಗೆಯ ಸುತ್ತ ಪಟ್ಟಿಯೊಂದು ಹೊಲಿದಿದ್ದರೆ, ಅದು ಬಾಳಿಕೆ ಬರುತ್ತದೆ.

ಇನ್ನು ಕೊಡೆಯ ಕೆಲಸ. ಟ್ರಯಲ್ ರೂಮಿನಲ್ಲಿ ಅಂಗಿ ತೊಟ್ಟು ಕೊಡೆಯನ್ನು ಸ್ಟಿಕ್ಕಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಹಿಂದಕ್ಕೆ ತಿರುಗಿ, ಕೈ ಭುಜದ ಮಟ್ಟಕ್ಕೆ ಬರುವವರೆಗೆ ಎತ್ತಿ. ಜಾಗ ಸಾಲದಿದ್ದರೆ ಹೊರಗೆ ಬಂದು ಮಾಡಿ, ನಾಚಿಕೆ ಏನಿದೆ. ಎರಡು ಕಡೆ ಗಮನ ಇಡಿ. ಬೆನ್ನಿನ ಮೇಲ್ಭಾಗದಲ್ಲಿ ಎರಡು ಹೆಗಲ ಮೂಳೆಗಳ ನಡುವೆ ಬಟ್ಟೆ ಬಿಗಿದರೆ ಅಂಗಿ ಚಿಕ್ಕದು, ಅಥವಾ ಕಂಕುಳ ಸುತ್ತಳತೆ ಕಡಿಮೆ. ಒಂದು ಸೈಜ್ ಮೇಲಕ್ಕೆ ಹೋಗಿ. ಹೋದರೂ ಬಿಗಿದರೆ ಆ ಕಟಿಂಗೇ ನಿಮಗಲ್ಲ, ಬಿಡಿ. ಎರಡನೆಯದು, ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಮೂರು ಸಲ ಹೀಗೇ ತಿರುಗಿ. ಹೊರಗೆ ಎದ್ದು ಬಂದರೆ ಉದ್ದ ಸಾಲದು. ಹೊರಗೆ ಬಿಟ್ಟು ತೊಡಲೆಂದು ಹೊಲಿದ ಅಂಗಿಗಳು ಗಿಡ್ಡ. ಅವನ್ನು ಕೋರ್ಸಿನಲ್ಲಿ ಪ್ರತಿ ಹೊಡೆತದ ನಂತರವೂ ಒಳಗೆ ತುರುಕುತ್ತಾ ಇರಬೇಕಾಗುತ್ತದೆ. ಹಿಂಭಾಗ ಮುಂಭಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಉದ್ದ ಇರುವ ಅಂಗಿ ಸಿಕ್ಕರೆ ಬಿಡಬೇಡಿ.

ಬಣ್ಣದ ವಿಷಯ. ತಿಳಿ ಬೂದು ಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ. ಕಡು ನೀಲಿ, ಅಚ್ಚ ಬಿಳಿ, ಸಣ್ಣ ಪ್ರಿಂಟಿನವು ಅದನ್ನು ಮುಚ್ಚುತ್ತವೆ. ಬಿಳಿ ಕೊಂಡರೆ ಒಳಗೆ ಕೈ ಇಟ್ಟು ಬೆಳಕಿಗೆ ಹಿಡಿಯಿರಿ. ಬೆರಳು ಎಣಿಸುವಷ್ಟು ಕಂಡರೆ ಒದ್ದೆಯಾದಾಗ ಬನಿಯನ್ನೂ ಕಾಣುತ್ತದೆ. ಕ್ರಿಕೆಟ್ ಸಾಲಿನ ಬಿಳಿ ಕಾಲರ್ ಅಂಗಿಯೂ ಆಗುತ್ತದೆ, ಬೆನ್ನ ಮೇಲೆ ದೊಡ್ಡ ಅಕ್ಷರ, ನಂಬರ್ ಇಲ್ಲದಿದ್ದರೆ. ಬಿಸಿಲು ತಡೆಯದವರು ಅಲ್ಲೇ ಸಿಗುವ ತೋಳಿನ ಕವಚ ತೆಗೆದುಕೊಳ್ಳಿ. ಯುಪಿಎಫ್ 50 ಅಂತ ಬರೆದಿದ್ದರೆ ಅತಿನೇರಳೆ ಕಿರಣದ 50ರಲ್ಲಿ 1 ಪಾಲು ಮಾತ್ರ ಬಟ್ಟೆ ದಾಟಿ ಬರುತ್ತದೆ ಎಂದರ್ಥ. ನಡೆದು ಪೂರ್ತಿ ಆಟ, ಅಂದರೆ 18 ಹೋಲ್ (ಕುಳಿ) ಆಡಿದರೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬಯಲಲ್ಲೇ ಇರುತ್ತೀರಿ.

ಪ್ಯಾಂಟು

ಇದಕ್ಕೆ ಹೋಗಬೇಕಾದ್ದು ಟ್ರೆಕ್ಕಿಂಗ್ ಸಾಲಿಗೆ. ಡೆಕಾತ್ಲಾನ್‌ನಲ್ಲಾದರೆ ಇನೆಸಿಸ್ ಹೆಸರಿನವು ಗಾಲ್ಫಿನವು. ಅವು ನಿಮ್ಮ ಸೊಂಟಕ್ಕೆ ಸಿಗದಿದ್ದರೆ ಕೆಚುವಾ ಹೆಸರಿನ ಚಾರಣದ ಪ್ಯಾಂಟುಗಳಲ್ಲಿ ಸಾದಾ ಕಟಿಂಗಿನವನ್ನು ನೋಡಿ. ಬಟ್ಟೆ ಹಗುರ, ಎಳೆದರೆ ಹಿಗ್ಗುತ್ತದೆ, ಇಬ್ಬನಿಯಲ್ಲಿ ನೆನೆದರೂ ಬೇಗ ಒಣಗುತ್ತದೆ. ತಪ್ಪಿಸಬೇಕಾದ್ದು ಮೂರು: ಮಂಡಿಯ ಹತ್ತಿರ ಜಿಪ್ ಇದ್ದು ಅರ್ಧ ಕಳಚಿಡುವ ಬಗೆ, ತೊಡೆಯ ಮೇಲಿನ ಜೇಬು, ಪಾದದ ಹತ್ತಿರ ಎಲಾಸ್ಟಿಕ್. ಬೆಲ್ಟ್ ಹಾಕುವ ಕೊಂಡಿಗಳು ಇರಲೇಬೇಕು. ದಾರ ಎಳೆದು ಕಟ್ಟುವ ಸೊಂಟಪಟ್ಟಿ ನೋಡಿದೊಡನೆ ಕ್ಲಬ್ಬಿನವರಿಗೆ ಅದು ಟ್ರ್ಯಾಕ್ ಪ್ಯಾಂಟು ಅನಿಸಿಬಿಡುತ್ತದೆ, ಎಷ್ಟೇ ದುಬಾರಿಯದಾಗಿರಲಿ.

ಈಗ ಚೆಂಡು ತೆಗೆಯಿರಿ. ಒಂದು ಚೆಂಡಿನ ಅಡ್ಡಳತೆ ಕನಿಷ್ಠ 42.67 ಮಿಲಿಮೀಟರ್, ತೂಕ 45.93 ಗ್ರಾಂ ಮೀರುವಂತಿಲ್ಲ. ಎರಡನ್ನೂ ಮುಂದಿನ ಜೇಬಿಗೆ ಹಾಕಿ ಕೂತು ಎದ್ದು ನೋಡಿ. ಜೇಬಿನ ಬಾಯಿ ಓರೆಯಾಗಿದ್ದು ಆಳ ಕಡಿಮೆ ಇದ್ದರೆ ಕೂತಾಗ ಚೆಂಡು ಉರುಳಿ ಹೊರಗೆ ಬರುತ್ತದೆ. ಜೇಬಿನ ಒಳಬಟ್ಟೆ ಬಲೆಯಂತಿದ್ದರೆ ಚೆಂಡನ್ನು ಮೇಲಿಟ್ಟು ಹೊಡೆಯುವ ಟೀ ಮೊಳೆಯ ಚೂಪು ತುದಿ ಅದನ್ನು ಹರಿದು ತೊಡೆಗೆ ಚುಚ್ಚುತ್ತದೆ. ಬಟ್ಟೆ ತೀರಾ ತೆಳುವಾಗಿದ್ದರೆ ಎರಡು ಚೆಂಡಿನ ಭಾರಕ್ಕೇ ಜೇಬು ಜೋತುಬಿದ್ದು, ತಿರುಗಿದಾಗಲೆಲ್ಲ ತೊಡೆಗೆ ಬಡಿಯುತ್ತದೆ. ಹಿಂದಿನ ಜೇಬಿಗೆ ಗವಸು ಅರ್ಧ ಹೊರಗಿಣುಕುವಂತೆ ಸಿಕ್ಕಿಸುವ ರೂಢಿ ಇದೆ, ಆದ್ದರಿಂದ ಅಲ್ಲಿ ಜಿಪ್ ಇಲ್ಲದ ಜೇಬು ಒಂದಾದರೂ ಇರಲಿ. ಆಮೇಲೆ ಬಗ್ಗಿ ನೆಲದ ಮೇಲಿನ ಚೆಂಡು ಎತ್ತಿಕೊಳ್ಳಿ. ಇದನ್ನು ಒಂದು ಆಟದಲ್ಲಿ ಹತ್ತಾರು ಸಲ ಮಾಡುತ್ತೀರಿ. ಸೊಂಟದ ಹಿಂದೆ ಗಾಳಿಯಾಡುವಷ್ಟು ಸಂದು ಬಿಟ್ಟರೆ ಬೇರೆ ಕಟಿಂಗ್ ಹುಡುಕಿ.

ಉದ್ದ ಜಾಸ್ತಿಯಾದರೆ ಟೈಲರ್ ಹತ್ತಿರ ಕೊಡುವ ಮೊದಲು ಒಂದು ಸಲ ಒಗೆಯಿರಿ. ಪಾಲಿಯೆಸ್ಟರ್ ಕುಗ್ಗುವುದು ಕಡಿಮೆ, ಹತ್ತಿ ಬೆರೆತದ್ದು ಕುಗ್ಗುತ್ತದೆ. ಹಿಗ್ಗುವ ಬಟ್ಟೆ ಅಂತ ಬಾಯಿಬಿಟ್ಟು ಹೇಳಿ, ಪಾಲಿಯೆಸ್ಟರ್ ದಾರ, ಸ್ಟ್ರೆಚ್ ಸೂಜಿ ಹಾಕಲು ಹೇಳಿ. ಮಾಮೂಲಿ ಸೂಜಿಯಲ್ಲಿ ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ, ಬಿಗಿಯಾಗಿ ಹೊಲಿದ ಹತ್ತಿ ದಾರ ಬಟ್ಟೆ ಹಿಗ್ಗಿದಾಗ ಪಟ್ಟೆಂದು ಕಡಿಯುತ್ತದೆ. ಮಳೆಗಾಲದಲ್ಲಿ ಆಡುವವರು ಅರ್ಧ ಅಂಗುಲ ಗಿಡ್ಡ ಮಾಡಿಸಿಕೊಂಡರೆ ಹಿಮ್ಮಡಿಗೆ ಕೆಮ್ಮಣ್ಣು ಹತ್ತುವುದು ತಪ್ಪುತ್ತದೆ.

ಶಾರ್ಟ್ಸ್ ನಡೆಯುವ ಕಡೆ ಮಂಡಿಯ ಸ್ವಲ್ಪ ಮೇಲಕ್ಕೆ ನಿಲ್ಲುವ, ಬೆಲ್ಟಿನ, ಇಸ್ತ್ರಿ ಮಾಡಬಹುದಾದ ಬಗೆಯದು ಆಗುತ್ತದೆ. ಓಟದ ಚಡ್ಡಿ ಆಗುವುದಿಲ್ಲ.

ಹೆಂಗಸರಿಗೆ ಅಂಗಡಿಗಳಲ್ಲಿ ಗಾಲ್ಫಿನ ಬಟ್ಟೆ ಇನ್ನೂ ಕಡಿಮೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ ಇಡೀ ದೇಶ ಬೆಳಗ್ಗೆ ಎದ್ದು ಗಾಲ್ಫ್ ನೋಡಿತು. ಹ್ಯಾಂಗರುಗಳಿಗೆ ಮಾತ್ರ ಆ ಸುದ್ದಿ ತಡವಾಗಿ ತಲುಪುತ್ತಿದೆ. ಇಲ್ಲಿ ಕೈಹಿಡಿಯುವುದು ಟೆನಿಸ್ ಸ್ಕೋರ್ಟ್, ಅಂದರೆ ಒಳಗೆ ಚಡ್ಡಿ ಸೇರಿಸಿ ಹೊಲಿದ ಲಂಗ. ಒಳಚಡ್ಡಿಗೆ ಚೆಂಡಿಡುವ ಜೇಬೂ ಇರುವುದುಂಟು; ಟೆನಿಸ್ ಚೆಂಡು ಹಿಡಿಯುವ ಜೇಬಿನಲ್ಲಿ ಗಾಲ್ಫ್ ಚೆಂಡು ಆರಾಮವಾಗಿ ಕೂರುತ್ತದೆ. ತೊಡಕು ಉದ್ದದ್ದು. ಟೆನಿಸಿನವು ಸುಮಾರು 12–13 ಅಂಗುಲ, ಗಾಲ್ಫಿನವು 16–18 ಅಂಗುಲ ಇರುತ್ತವೆ. ಕ್ಲಬ್ ಬಿಗಿಯಾದದ್ದಾದರೆ ಸ್ಕೋರ್ಟ್ ಬಿಟ್ಟು ಚಾರಣದ ಮುಕ್ಕಾಲು ಪ್ಯಾಂಟು ತೆಗೆದುಕೊಳ್ಳಿ. ಯೋಗದ ಲೆಗ್ಗಿಂಗ್ಸ್ ಮಾತ್ರ ಕೊಳ್ಳುವ ಮೊದಲು ಕೇಳಿ. ಬೇಡ ಅನ್ನುವ ಕ್ಲಬ್ಬುಗಳು ಬೇಕಾದಷ್ಟಿವೆ. ತೋಳಿಲ್ಲದ ಅಂಗಿಗೆ ಕಾಲರ್ ಇದ್ದರೆ ಹಲವು ಕಡೆ ಒಪ್ಪುತ್ತಾರೆ.

ಶೂ

ಓಡುವ ಶೂ ಹಾಕಿಕೊಂಡೇ ಬಹಳ ಜನ ಶುರು ಮಾಡುತ್ತಾರೆ, ಎರಡನೇ ವಾರಕ್ಕೆ ಎಡಗಾಲಿನ ಹೊರಬದಿ ನೋವು ಅನ್ನುತ್ತಾರೆ. ಕಾರಣ ಅಟ್ಟೆ. ಓಟದ ಶೂನ ಅಟ್ಟೆ ದಪ್ಪ ಫೋಮು, ಹಿಮ್ಮಡಿ ಎತ್ತರ. ಬಲಗೈ ಆಟಗಾರ ಚೆಂಡು ಹೊಡೆದು ಮುಗಿಸುವಾಗ ಮೈಭಾರವೆಲ್ಲ ಎಡಪಾದದ ಹೊರ ಅಂಚಿಗೆ ಬರುತ್ತದೆ. ಮೆತ್ತನೆಯ ಫೋಮು ಅಲ್ಲಿ ಕುಸಿದು ಪಾದ ಹೊರಕ್ಕೆ ವಾಲುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಒತ್ತಿ ನೋಡಿ. ಇಡ್ಲಿಯ ಹಾಗೆ ತಗ್ಗಾದರೆ ಬೇಡ.

ಟೆನಿಸ್ ಶೂ ಪಕ್ಕಕ್ಕೆ ವಾಲುವುದಿಲ್ಲ, ಒಣ ನೆಲದ ಡ್ರೈವಿಂಗ್ ರೇಂಜಿಗೆ ಸಾಕು. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಜಾರುತ್ತದೆ. ಅಡಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ರಬ್ಬರ್ ಹಲ್ಲಿರುವ ಗಿಡ್ಡ ಚಾರಣದ ಶೂ ಅದಕ್ಕಿಂತ ವಾಸಿ. ಹಲ್ಲು ಇನ್ನೂ ಆಳ ಇದ್ದರೆ ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಗುರುತು ಬೀಳುತ್ತದೆ, ಬೈಸಿಕೊಳ್ಳುತ್ತೀರಿ. ಕ್ರಿಕೆಟ್ಟಿನ ರಬ್ಬರ್ ಸ್ಟಡ್ ಶೂ ಹಿಡಿತಕ್ಕೆ ಚೆನ್ನಾಗಿದೆ, ಆದರೆ ಅನುಮತಿ ಕೇಳಿಯೇ ಕೋರ್ಸಿಗೆ ಇಳಿಯಿರಿ. ಫುಟ್‌ಬಾಲ್ ಸ್ಟಡ್ಡು, ಲೋಹದ ಸ್ಪೈಕು ತರಲೇಬೇಡಿ.

ಗಾಲ್ಫ್ ಶೂ ಅಂತಲೇ ಕೊಳ್ಳುವ ಹೊತ್ತಿಗೆ ಅಡೀಡಸ್, ಪೂಮಾ, ನೈಕಿ, ಸ್ಕೆಚರ್ಸ್ ಎಲ್ಲರದ್ದೂ ಇವೆ, ಆದರೆ ಅವರ ಮಾಲ್ ಅಂಗಡಿಗಳಲ್ಲಿ ಎಲ್ಲವನ್ನೂ ಇಟ್ಟಿರುವುದಿಲ್ಲ. ಮೊದಲ ಜೊತೆಗೆ ಸ್ಪೈಕ್ ಇಲ್ಲದ, ಅಟ್ಟೆಯಲ್ಲೇ ರಬ್ಬರ್ ಉಬ್ಬುಗಳಿರುವ ಬಗೆ ಸಾಕು. ಮನೆಯಿಂದಲೇ ಹಾಕಿಕೊಂಡು ಹೋಗಬಹುದು. ಪ್ಲಾಸ್ಟಿಕ್ ಸ್ಪೈಕ್ ತಿರುಗಿಸಿ ಬದಲಿಸುವ ಬಗೆ ತೆಗೆದುಕೊಂಡರೆ ಆ ಸ್ಪೈಕಿನ ತಿರುಪು ಯಾವ ಮಾದರಿಯದು ಎಂದು ಡಬ್ಬಿಯ ಮೇಲೆ ನೋಡಿಟ್ಟುಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಶೂ ಹಾಕಿ ನೋಡಬೇಕಾದ್ದು ಸಂಜೆ, ಪಾದ ಸ್ವಲ್ಪ ಊದಿರುವಾಗ, ಆಡುವಾಗ ಹಾಕುವ ಕಾಲುಚೀಲದ ಜೊತೆಗೇ. ಆ ಕಾಲುಚೀಲ ಓಟದ ಸಾಲಿನದಾಗಿರಲಿ. ಹತ್ತಿಯದು ನೆನೆದರೆ ಒದ್ದೆಯಾಗಿಯೇ ಉಳಿದು ಬೊಬ್ಬೆ ಎಬ್ಬಿಸುತ್ತದೆ.

ಕೈಗವಸು

ಇದಕ್ಕೆ ಬದಲಿ ಇಲ್ಲ. ಸೈಕಲ್ ಗವಸಿನ ಅಂಗೈಯಲ್ಲಿ ಮೆತ್ತೆ ಇರುತ್ತದೆ, ಸ್ಟಿಕ್ ಹಿಡಿತ ದಪ್ಪವಾಗಿ ಬೆರಳು ಸುತ್ತುವರಿಯುವುದಿಲ್ಲ. ಜಿಮ್ ಗವಸಿಗೆ ಬೆರಳೇ ಅರ್ಧ. ಬಲಗೈ ಆಟಗಾರ ಗವಸು ಹಾಕುವುದು ಎಡಗೈಗೆ, ಒಂದೇ ಕೈಗೆ. ಎಡವುವುದು ಇಲ್ಲೇ: ಒಂದು ಪ್ಯಾಕೆಟ್ಟಿನಲ್ಲಿ 'ರೈಟ್ ಹ್ಯಾಂಡೆಡ್' ಅಂತಿದ್ದರೆ ಅದು ಆಟಗಾರನನ್ನು ಕುರಿತದ್ದು, ಗವಸು ಎಡಗೈಯದು, ಇನ್ನೊಂದರಲ್ಲಿ 'ಲೆಫ್ಟ್ ಹ್ಯಾಂಡ್' ಅಂತಿದ್ದರೆ ಅದು ಗವಸು ಹಾಕುವ ಕೈ. ಎರಡೂ ಒಂದೇ ವಸ್ತು. ಹೆಬ್ಬೆರಳು ಯಾವ ಕಡೆಗಿದೆ ಅಂತ ನೋಡಿ ಖಾತ್ರಿ ಮಾಡಿಕೊಳ್ಳಿ.

ಬೆರಳ ತುದಿಯಲ್ಲಿ ಚಿವುಟಲು ಬಟ್ಟೆ ಸಿಗಬಾರದು. ವೆಲ್ಕ್ರೋ ಪಟ್ಟಿ ಪೂರ್ತಿ ಕೊನೆಯವರೆಗೆ ಹೋಗಿ ಮುಚ್ಚಿದರೆ ದೊಡ್ಡದಾಯಿತು ಎಂದೇ ಲೆಕ್ಕ. ಮುಕ್ಕಾಲು ಭಾಗಕ್ಕೆ ನಿಂತರೆ ಸರಿ, ಯಾಕೆಂದರೆ ಚರ್ಮ ನಾಲ್ಕು ಆಟಕ್ಕೆ ಹಿಗ್ಗುತ್ತದೆ. ಅಂಗೈ ಅಗಲ, ಬೆರಳು ಗಿಡ್ಡ ಇರುವವರಿಗೆ ಕ್ಯಾಡೆಟ್ ಎಂಬ ಅಳತೆ ಇದೆ. ಕುರಿ ಚರ್ಮದ ಗವಸಿನ ಹಿಡಿತ ಸೊಗಸು, ಆದರೆ ಬೆವರು ಕುಡಿದು ಹಪ್ಪಳದಂತೆ ಬಿರುಸಾಗುತ್ತದೆ. ಕಲಿಯುವವರಿಗೂ ಮಳೆಗಾಲಕ್ಕೂ ಸಿಂಥೆಟಿಕ್ಕೇ ಸರಿ. ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಬೇಗ ತೂತು ಬಿದ್ದರೆ ಗವಸನ್ನು ಬೈಯುವ ಮೊದಲು ಹಿಡಿತ ನೋಡಿಕೊಳ್ಳಿ; ಸ್ಟಿಕ್ ಬೆರಳಿನಲ್ಲಿ ಕೂರದೆ ಅಂಗೈಯಲ್ಲಿ ಜಾರಿ ಉಜ್ಜುತ್ತಿರುತ್ತದೆ.

ಮಳೆ ಜಾಕೆಟ್ಟಿಗೆ ಮತ್ತೆ ಚಾರಣದ ಸಾಲು. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 2,000 ಅಂದರೆ ತುಂತುರಿಗೆ, ಬೆಂಗಳೂರಿನ ಸಂಜೆ ಮಳೆಗೆ 5,000ಕ್ಕಿಂತ ಕಡಿಮೆ ಬೇಡ. ಕೊಡೆ ಹಿಡಿದು ಅದೇ ತಿರುಗುವ ಪರೀಕ್ಷೆ ಇಲ್ಲೂ ಮಾಡಿ. ಚರಪರ ಸದ್ದು ಮಾಡುವ ಬಟ್ಟೆ ಪಕ್ಕದವನು ಹೊಡೆಯುವಾಗ ಅವನ ತಲೆ ಕೆಡಿಸುತ್ತದೆ.

ಇನ್ನು ಹುಡುಕುವ ಜಾಗ. ಡೆಕಾತ್ಲಾನಿನ ಎಲ್ಲ ಅಂಗಡಿಯಲ್ಲೂ ಗಾಲ್ಫ್ ಇರುವುದಿಲ್ಲ. ಆ್ಯಪಿನಲ್ಲಿ ವಸ್ತು ತೆರೆದು ಅಳತೆ ಆರಿಸಿ, ನಿಮ್ಮ ಹತ್ತಿರದ ಅಂಗಡಿಯಲ್ಲಿ ದಾಸ್ತಾನಿದೆಯೇ ನೋಡಿಕೊಂಡು ಹೊರಡಿ. ಬ್ರಾಂಡ್ ಬೇಕು, ಬೆಲೆ ಬೇಡ ಅನ್ನುವವರಿಗೆ ಮಾರತ್‌ಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್ಟುಗಳಿವೆ. ಅಲ್ಲಿ ಗಾಲ್ಫ್ ಅಂಗಿಗಳು ಬೇರೆ ಸಾಲಲ್ಲಿ ಇರುವುದಿಲ್ಲ, ಮಾಮೂಲಿ ಪೋಲೋಗಳ ನಡುವೆ ಸೇರಿಕೊಂಡಿರುತ್ತವೆ. ಕತ್ತಿನ ಒಳಗಿನ ಲೇಬಲ್ ಒಂದೊಂದೇ ಓದಬೇಕು. ಸೀಸನ್ ಮುಗಿಯುವ ಸೇಲ್ ಜೂನ್–ಜುಲೈಗೆ ಒಮ್ಮೆ, ಡಿಸೆಂಬರ್–ಜನವರಿಗೆ ಒಮ್ಮೆ. ಆಗ ತೀರಾ ಚಿಕ್ಕ, ತೀರಾ ದೊಡ್ಡ ಅಳತೆಯವರಿಗೆ ಹಬ್ಬ. ಮಧ್ಯದ ಅಳತೆಯವರು ಮೊದಲ ವಾರವೇ ಹೋಗಿ.

ತಂದದ್ದನ್ನು ತಣ್ಣೀರಲ್ಲಿ, ಒಳಮೈ ಹೊರಗೆ ಮಾಡಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹೀರುವ ಗುಣವನ್ನೇ ಕೆಡಿಸುತ್ತದೆ. ಗವಸನ್ನು ಬ್ಯಾಗಿನ ತಳಕ್ಕೆ ಮುದುರಿ ಎಸೆಯದೆ, ಬೆರಳುಗಳನ್ನು ನೇರ ಮಾಡಿ ನೆರಳಲ್ಲಿ ಒಣಗಿಸಿ, ಬಂದ ಪ್ಯಾಕೆಟ್ಟಿನಲ್ಲೇ ಚಪ್ಪಟೆಯಾಗಿ ಇಡಿ.