ಫ್ರಿಜ್ ಆನ್ ಆದಾಗೆಲ್ಲ ಸ್ಪೀಕರ್‌ನಲ್ಲಿ 'ಟಪ್'

ರಾತ್ರಿ ಹಾಡು ಕೇಳುತ್ತಾ ಕೂತರೆ ಅಡುಗೆಮನೆಯ ಫ್ರಿಜ್ ಶುರುವಾದಾಗೆಲ್ಲ ಸ್ಪೀಕರ್ 'ಟಪ್' ಅನ್ನುತ್ತಿತ್ತು. ಜೊತೆಗೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಮೊದಲು ಆಂಪ್ಲಿಫೈಯರ್ ಮೇಲೇ ಅನುಮಾನ ಪಟ್ಟೆ. ಪಾಪ, ಅದನ್ನು ಸುಮ್ನೆ ಬೈದೆ.

ಮನೆಯ ಲೈನುಗಳೆಲ್ಲ ಕವಲೊಡೆಯುವ ಡಿಬಿ ಬಾಕ್ಸಿನಲ್ಲಿ, ಸ್ಪೀಕರ್ ಇರುವ ಹಾಲ್‌ನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿದೆ, ಫ್ರಿಜ್ಜೂ ಆಫ್ ಆಯಿತು. ಎರಡೂ ಒಂದೇ ಲೈನ್!

ಎಲೆಕ್ಟ್ರಿಷಿಯನ್ ಕರೆಸಿದೆ. ಆಡಿಯೋಗೆ ಅಂತ ಬೇರೆಯೇ ಲೈನ್: ಡಿಬಿಯಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಅಂತ 16 ಆಂಪ್ಸ್‌ನ ಎಂಸಿಬಿ, ಕೊನೆಗೆ ಎರಡು ಸಾಕೆಟ್. "ನ್ಯೂಟ್ರಲ್ ಹಳೇ ಬಾಕ್ಸಿಂದಲೇ ಲೂಪ್ ಮಾಡ್ತೀನಿ ಸರ್, ವೈರ್ ಉಳಿಯುತ್ತೆ" ಅಂದರು. ಬೇಡ ಅಂದೆ. ನ್ಯೂಟ್ರಲ್ ಹಂಚಿಕೊಂಡರೆ ಬೇರೆ ಲೈನ್ ಎಳೆದು ಏನು ಬಂತು, ಅಲ್ವಾ? ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಡಿಬಿವರೆಗೆ ಹೋದವು. ಆಡಿಯೋಗೆ ಅಂತಲೇ ಹೊರಗೆ ಅರ್ತ್ ಗುಂಡಿ ತೋಡಿಸುವವರಿದ್ದಾರೆ. ಅದನ್ನು ಮನೆಯ ಅರ್ತ್‌ಗೆ ಸೇರಿಸದೆ ಬಿಟ್ಟರೆ ಅಪಾಯ. ನಾನು ಆ ಗೋಜಿಗೆ ಹೋಗಲಿಲ್ಲ.

'ಟಪ್' ನಿಂತಿತು. ಗುಂಯ್ ನಿಲ್ಲಲಿಲ್ಲ. ದುಡ್ಡು ದಂಡವಾಯಿತೇನೋ ಅನ್ನಿಸಿತು. ಆಂಪ್ಲಿಫೈಯರ್ ಹಿಂದೆ ಟಾರ್ಚ್ ಹಿಡಿದು ಕೂತು ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿ ವೈರನ್ನು ತಿರುಚಿ ತೆಗೆದ ತಕ್ಷಣ ಸದ್ದೇ ಇಲ್ಲ. ಆ ವೈರಿನ ಹೊರಗಿನ ಜಾಲರಿ ಬೀದಿ ಕಡೆ ಇನ್ನೆಲ್ಲೋ ಅರ್ತ್ ಆಗಿತ್ತು. ನಮ್ಮ ಅರ್ತ್‌ಗೂ ಅದಕ್ಕೂ ನಡುವೆ ಗ್ರೌಂಡ್ ಲೂಪ್, ಅಂದರೆ ಎರಡು ಅರ್ತ್‌ಗಳ ನಡುವೆ ಕೇಬಲ್ ಮೂಲಕ ಸಣ್ಣ ಕರೆಂಟ್ ಹರಿದು ಗುಂಯ್ ಅನ್ನಿಸುತ್ತಿತ್ತು. ಎಷ್ಟು ಒಳ್ಳೆ ಲೈನ್ ಎಳೆಸಿದರೂ ಇದು ಹೋಗುತ್ತಿರಲಿಲ್ಲ. ಆ ವೈರಿಗೆ ಒಂದು ಸಣ್ಣ ಐಸೊಲೇಟರ್ (ಸಿಗ್ನಲ್ ಬಿಟ್ಟು ಅರ್ತ್ ಸಂಪರ್ಕ ತಪ್ಪಿಸುವ ಸಾಧನ) ಸಿಕ್ಕಿಸಿದೆ. ಈಗ ಹಾಡು ನಿಂತರೆ ಫ್ಯಾನಿನ ಕಿರಿಕಿರಿ ಮಾತ್ರ ಕೇಳಿಸುತ್ತದೆ.